ಭಾವನ ಕೈಗಳಿಗೆ ವಿಮೆ

ನನ್ನ ಭಾವ ಸುಳ್ಳುಗಾರರಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಸುಳ್ಳು ಹೇಳುವುದಕ್ಕೆ ಸ್ವಲ್ಪ ಬುದ್ಧಿ ಬೇಕು, ಹೇಳಿದ್ದನ್ನು ನೆನಪಿಟ್ಟುಕೊಳ್ಳುವ ಶಕ್ತಿ ಬೇಕು. ಭಾವನ ಹತ್ತಿರ ಎರಡೂ ಅಷ್ಟಕ್ಕಷ್ಟೆ. ಜೀವಮಾನದಲ್ಲಿ ಅವರು ಗಟ್ಟಿಯಾಗಿ ಹೇಳಿದ್ದು ಒಂದೇ ಸುಳ್ಳು. ಆ ಒಂದು ಸುಳ್ಳಿಗೆ ನಾನು ಎಷ್ಟು ಸಲ ಮೆಟ್ಟಿಲು ಹತ್ತಿ ಇಳಿದೆ ಎಂಬುದು ನನ್ನ ಸೊಂಟಕ್ಕೆ ಗೊತ್ತು.

ನಾವಿಬ್ಬರೂ ಒಂದೇ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದೇವೆ. ಬಾಗಿಲ ಪಕ್ಕದ ಗಲ್ಲಾದಲ್ಲಿ ನಾನು, ಗಲ್ಲಾದ ಎದುರಿಗಿರುವ ರೇಷ್ಮೆ ಕೌಂಟರಿನಲ್ಲಿ ಭಾವ. ಬೇರೆ ಸೇಲ್ಸ್‌ಮನ್ನುಗಳೆಲ್ಲ ಬಾಯಿಂದ ಮಾರುತ್ತಾರೆ. ಬಣ್ಣ ಹೋಗುವುದಿಲ್ಲ ಎನ್ನುತ್ತಾರೆ, ನಿಮಗೇ ಅಂತ ಎತ್ತಿಟ್ಟಿದ್ದೆ ಎನ್ನುತ್ತಾರೆ, ಗಂಟಲು ಹರಿಯುವವರೆಗೂ ಅನ್ನುತ್ತಲೇ ಇರುತ್ತಾರೆ. ಭಾವ ಕೈಯಿಂದ ಮಾರುವವರು. ಥಾನು ಬಿಚ್ಚಿ, ರೇಷ್ಮೆಯನ್ನು ಎಡಗೈ ಮೇಲೆ ಹರವಿ, ಬಲಗೈಯಲ್ಲಿ ಮೊಣಕೈಯಿಂದ ಬೆರಳ ತುದಿಯವರೆಗೆ ಒಮ್ಮೆ ನಿಧಾನವಾಗಿ ಸವರುವರು. ಬಾಯಲ್ಲಿ ಒಂದು ಮಾತಿಲ್ಲ. ಆ ಸವರುವಿಕೆ ನೋಡಿದ ಗಿರಾಕಿ ಬೆಲೆ ಕೇಳುವುದನ್ನೂ ಮರೆತು ಇದನ್ನೇ ಕೊಡಿ ಎನ್ನುವರು. ಬೆಲೆ ಕೇಳುವುದು ನನ್ನ ಗಲ್ಲಾ ಹತ್ತಿರ ಬಂದಮೇಲೆ, ಆಗ ಕೆಟ್ಟವನಾಗುವುದು ನಾನು. ಅಂಗಡಿಯಲ್ಲಿ ಭಾವನನ್ನು ಸವರಣ್ಣ ಎಂದೇ ಕರೆಯುವುದು. ಅವರಿಗೆ ಆ ಹೆಸರಿನ ಬಗ್ಗೆ ಒಳಗೊಳಗೇ ಹೆಮ್ಮೆ.

ಅನಾಹುತ ಶುರುವಾದದ್ದು ಒಂದು ಕರ್ಚೀಫಿನಿಂದ. ಚಳಿಗಾಲದ ಒಂದು ಮಧ್ಯಾಹ್ನ ಒಬ್ಬ ಹೆಂಗಸು ರೇಷ್ಮೆ ನೋಡುತ್ತಿದ್ದವರು, ಭಾವ ಸವರಿದ ಜಾಗವನ್ನು ತಮ್ಮ ಕರ್ಚೀಫಿನಿಂದ ಮೆಲ್ಲಗೆ ಒರೆಸಿದರು. ಪಾಪ, ಆಕೆಗೆ ನೆಗಡಿ. ಸೀನಿದಾಗ ಬಟ್ಟೆಯ ಮೇಲೆ ಏನೋ ಸಿಡಿಯಿತೆಂದು ಒರೆಸಿದ್ದು, ನಾನು ಕಣ್ಣಾರೆ ಕಂಡಿದ್ದೆ. ಆದರೆ ಭಾವ ಕಂಡದ್ದು ಒರೆಸುವುದನ್ನು ಮಾತ್ರ. ತಮ್ಮ ಕೈ ಕೊಳಕಾಗಿದೆ ಎಂದೇ ಅವರ ತಲೆಯಲ್ಲಿ ಕೂತುಬಿಟ್ಟಿತು. ನೆಗಡಿ ವಿಷಯ ನಾನು ಎಷ್ಟು ಬಿಡಿಸಿ ಹೇಳಿದರೂ, ನೀನು ನನ್ನ ಸಮಾಧಾನಕ್ಕೆ ಹೇಳ್ತಿದೀಯ ಎಂದರು. ಅವರ ಸಮಾಧಾನಕ್ಕೆ ನಾನು ಏನನ್ನಾದರೂ ಹೇಳಿದ ಉದಾಹರಣೆಯೇ ಇಲ್ಲ.

ಅಂದಿನಿಂದ ಭಾವ ಬಟ್ಟೆ ಒಗೆಯುವ ಸೋಪಿನಿಂದ ಕೈ ತೊಳೆಯತೊಡಗಿದರು. ಅದೂ ಕುದಿಯುವ ನೀರಿನಲ್ಲಿ, ನಾರು ಹಾಕಿ ಉಜ್ಜಿ. ಬೆಳಗ್ಗೆ ಮನೆಯಲ್ಲಿ, ಅಂಗಡಿಗೆ ಬಂದಮೇಲೆ, ಪ್ರತಿ ಗಿರಾಕಿ ಬರುವ ಮುಂಚೆ, ಹೋದ ಮೇಲೆ. ಹೊರಗೆ ಒಣಗಾಳಿ ಬೀಸುವ ಕಾಲ. ವಾರ ಕಳೆಯುವುದರೊಳಗೆ ಕೈ ಬೆಳ್ಳಗೆ ಬೂದಿ ಬಳಿದ ಹಾಗಾಗಿ, ಗೆಣ್ಣುಗಳ ಮೇಲೆ ಸೀಳು ಬಿಟ್ಟು, ಬೆರಳ ತುದಿಯಲ್ಲಿ ಸಿಪ್ಪೆ ಎದ್ದಿತು.

ಆ ಕೈಯಲ್ಲಿ ಅವರು ಕೆನೆಬಣ್ಣದ ಒಂದು ಥಾನು ಬಿಚ್ಚಿ ಸವರಿದ ದಿನ ನಾನು ಚಿಲ್ಲರೆ ಎಣಿಸುತ್ತಿದ್ದೆ. ಚರ್ರ್ ಎಂದು ಸದ್ದಾಯಿತು. ತಲೆ ಎತ್ತಿ ನೋಡಿದರೆ ರೇಷ್ಮೆಯ ಒಂದು ಎಳೆ ಭಾವನ ಹೆಬ್ಬೆರಳಿಗೆ ಸಿಕ್ಕಿಕೊಂಡು ಆಚೆಗೆ ಬಂದಿದೆ, ಬಟ್ಟೆಯ ಉದ್ದಕ್ಕೂ ಗೆರೆ ಎದ್ದಿದೆ. ಯಜಮಾನರು ಓಡಿ ಬಂದು ಮೊದಲು ಬಟ್ಟೆ ನೋಡಿದರು, ಆಮೇಲೆ ಕನ್ನಡಕ ಹಾಕಿಕೊಂಡು ಭಾವನ ಕೈ ನೋಡಿದರು. ಇದು ಕೈಯೋ ಮರ ಉಜ್ಜುವ ಉಪ್ಪುಕಾಗದವೋ ಎಂದು ಕೇಳಿದರು. ಭಾವ ಕೈ ಎಂದರು.

"ಮದುವೆ ಕಾಲ ಶುರುವಾಗೋದ್ರೊಳಗೆ ಇದು ಸರಿಹೋಗ್ಬೇಕು," ಎಂದರು ಯಜಮಾನರು. "ಇಲ್ಲಾಂದ್ರೆ ನೀವು ನೆಲಮಾಳಿಗೆಗೆ ಹೋಗಿ. ಅಲ್ಲಿ ಏನ್ ಸವರಿದ್ರೂ ಏನೂ ಆಗಲ್ಲ."

ನೆಲಮಾಳಿಗೆಯಲ್ಲಿರುವುದು ಗೋಣಿತಾಟು, ಹಾಸಿಗೆ ಬಟ್ಟೆ, ನೆಲ ಒರೆಸುವ ಬಟ್ಟೆ. ಕಿಟಕಿಯಿಲ್ಲ. ಒಂದೇ ಒಂದು ಟ್ಯೂಬ್‌ಲೈಟು, ಅದೂ ಮನಸ್ಸು ಬಂದಾಗ ಉರಿಯುವಂಥದ್ದು. ಅಲ್ಲಿಗೆ ಹೋದ ಸೇಲ್ಸ್‌ಮನ್ ಮತ್ತೆ ಮೇಲೆ ಬಂದದ್ದು ನಾನು ನೋಡಿಲ್ಲ. ರೇಷ್ಮೆ ಕೌಂಟರು ಹೋದರೆ ಭಾವನಿಗೆ ಉಳಿಯುವುದು ಏನೂ ಇಲ್ಲ. ಆ ದಿನ ಅವರು ಊಟದ ಡಬ್ಬಿ ತೆರೆಯದೆ ಹಾಗೇ ಮನೆಗೆ ತಂದರು ಎಂದು ಅಕ್ಕ ಹೇಳಿದಳು. ಭಾವ ಊಟ ಬಿಟ್ಟರೆಂದರೆ ವಿಷಯ ಗಂಭೀರ ಎಂದೇ ಅರ್ಥ.

ಚರ್ಮದ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋದೆ. ಡಾಕ್ಟರಮ್ಮ ಕೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಒಣ ಚರ್ಮ, ಜೊತೆಗೆ ಸೂಕ್ಷ್ಮ ಚರ್ಮ, ಅಂಟುವ ರೋಗವೇನಲ್ಲ ಎಂದರು. ಬಟ್ಟೆ ಸೋಪಿನ ಕಥೆ ಕೇಳಿ ಪೆನ್ನು ಕೆಳಗಿಟ್ಟರು. ಆಮೇಲೆ ಹೇಳಿದರು: ಸುಡುನೀರು ಬಿಡಿ, ಉಗುರುಬೆಚ್ಚಗಿನ ನೀರು ಸಾಕು. ಮೃದುವಾದ ಸೋಪು ತೊಗೊಳ್ಳಿ. ಟವೆಲಿನಿಂದ ತಿಕ್ಕಬೇಡಿ, ಮೆಲ್ಲಗೆ ಒತ್ತಿ. ಕೈ ಇನ್ನೂ ಹಸಿಹಸಿಯಾಗಿರುವಾಗಲೇ ಮಾಯಿಶ್ಚರೈಸರ್ ಹಚ್ಚಿ, ಆಗ ನೀರಿನಂಶ ಒಳಗೇ ನಿಲ್ಲುತ್ತದೆ. ಘಮಘಮ ಅನ್ನುವ ಕ್ರೀಮು ಬೇಡ, ವಾಸನೆಯಿಲ್ಲದ್ದೇ ಆಗಬೇಕು. ಹೊಸದನ್ನು ಹಚ್ಚುವ ಮುಂಚೆ ಮುಂಗೈ ಒಳಭಾಗಕ್ಕೆ ಚೂರು ಹಚ್ಚಿ ನೋಡಿ. ಮಲಗುವಾಗ ಸ್ವಲ್ಪ ದಪ್ಪಗೆ ಹಚ್ಚಿ, ಹತ್ತಿಯ ಕೈಗವಸು ಹಾಕಿಕೊಳ್ಳಿ.

ಇಷ್ಟನ್ನೂ ಭಾವ ತಲೆಯಾಡಿಸುತ್ತ ಕೇಳಿದರು. ಹೊರಗೆ ಬಂದು ಮೆಡಿಕಲ್ ಶಾಪಿನಲ್ಲಿ ಎಲ್ಲಕ್ಕಿಂತ ಹೆಚ್ಚು ಘಮಘಮ ಅನ್ನುವ ಡಬ್ಬಿಯನ್ನೇ ಎತ್ತಿಕೊಂಡರು. ವಾಸನೆಯೇ ಇಲ್ಲದ್ದಕ್ಕೆ ಯಾರಾದರೂ ದುಡ್ಡು ಕೊಡುತ್ತಾರಾ ಎಂಬುದು ಅವರ ವಾದ. ಮುಂಗೈಗೆ ಚೂರು ಹಚ್ಚಿ ನೋಡಬೇಕೆಂಬುದು ಮಾತ್ರ ನೆನಪಿತ್ತು. ಆ ಪರೀಕ್ಷೆಯನ್ನು ಶ್ರದ್ಧೆಯಿಂದ ಮಾಡಿದರು, ನನ್ನ ಮುಂಗೈ ಮೇಲೆ. ಮಾರನೆಯ ದಿನ ನನಗೆ ಏನೂ ಆಗಿಲ್ಲವೆಂದು ಖಾತ್ರಿ ಮಾಡಿಕೊಂಡು ತಮ್ಮ ಎರಡೂ ಕೈಗೆ ಧಾರಾಳವಾಗಿ ಬಳಿದುಕೊಂಡರು. ಸಂಜೆಯೊಳಗೆ ಅವರ ಕೈತುಂಬ ಕೆಂಪು ಗುಳ್ಳೆ. ನಿನ್ನ ಚರ್ಮ ನಂಬೋಕಾಗಲ್ಲ ಕಣೋ ಎಂದು ನನಗೇ ಬೈದರು.

ಆಮೇಲೆ ಡಾಕ್ಟರಮ್ಮ ಹೇಳಿದ ಸಪ್ಪೆ ಕ್ರೀಮೇ ಬಂತು. ಜೊತೆಗೆ ಹತ್ತಿಯ ಬಿಳಿ ಕೈಗವಸು. ಮಲಗುವಾಗ ಒಳ್ಳೆಯದಾದರೆ ಹಗಲಿನಲ್ಲಿ ಎರಡು ಪಾಲು ಒಳ್ಳೆಯದು ಎಂದು ಲೆಕ್ಕ ಹಾಕಿ, ಭಾವ ಅದನ್ನು ಇಡೀ ದಿನ ಹಾಕಿಕೊಳ್ಳತೊಡಗಿದರು. ಚರ್ಮ ಎಂಬ ಶಬ್ದ ಮಾತ್ರ ಹೊರಗೆ ಬೀಳಬಾರದು ಎಂದು ನನ್ನಿಂದಲೂ ಅಕ್ಕನಿಂದಲೂ ಮಾತು ತೆಗೆದುಕೊಂಡರು. ಚರ್ಮ ಎಂದರೆ ಜನ ಸೀದಾ ರೋಗಕ್ಕೆ ಹಾರುತ್ತಾರೆ, ಗಿರಾಕಿಗಳ ಕಿವಿಗೆ ಬಿದ್ದರೆ ನೆಲಮಾಳಿಗೆಯೂ ಸಿಗುವುದಿಲ್ಲ ಎಂಬುದು ಅವರ ಭಯ. ಆ ಒಂದು ಭಯದಲ್ಲಿ ತಪ್ಪಿರಲಿಲ್ಲ, ಅಷ್ಟನ್ನು ಒಪ್ಪುತ್ತೇನೆ.

ನಾನಿರುವುದು ಅಕ್ಕ-ಭಾವನ ಜೊತೆಗೇ, ಮೇಷ್ಟ್ರು ಅದೇ ಕಟ್ಟಡದಲ್ಲಿ ನಮ್ಮ ಎದುರು ಮನೆಯವರು. ರಿಟೈರಾದ ಹೆಡ್‌ಮಾಸ್ಟರು. ಕಟ್ಟಡದಲ್ಲಿ ಯಾವ ಸುದ್ದಿಯೂ ಅವರನ್ನು ದಾಟಿ ಹೋಗುವಂತಿಲ್ಲ, ಅವರು ತಿದ್ದಿ ಕಳಿಸಬೇಕು. ಒಂದು ಬೆಳಗ್ಗೆ ಮೆಟ್ಟಿಲ ಬುಡದಲ್ಲಿ ನಮ್ಮಿಬ್ಬರನ್ನೂ ಹಿಡಿದರು. ಏನಿದು ಕೈಗೆ, ಸುಟ್ಟುಕೊಂಡಿರಾ, ಕಜ್ಜಿಯಾ, ಏನು ಎಂದು ವಿಚಾರಣೆ ಶುರು ಮಾಡಿದರು. ಭಾವನ ಕಣ್ಣು ಅಲ್ಲಿ ಇಲ್ಲಿ ಓಡಿ, ಕೆಳಮನೆಯ ಬಾಗಿಲ ಮೇಲಿದ್ದ ಬೋರ್ಡಿಗೆ ಹೋಗಿ ನಿಂತಿತು. ಆ ಮನೆಯವರು ವಿಮೆ ಕಂಪನಿಯಲ್ಲಿ ಅಧಿಕಾರಿ.

"ವಿಮೆ ಮೇಷ್ಟ್ರೇ," ಎಂದರು ಭಾವ. "ಅಂಗಡಿಯವ್ರು ನನ್ನ ಕೈಗೆ ವಿಮೆ ಮಾಡ್ಸಿದಾರೆ. ಗಾಯ ಗೀಯ ಆಗ್ಬಾರ್ದಂತೆ."

ಮೇಷ್ಟ್ರು ನಗುತ್ತಾರೆ ಎಂದುಕೊಂಡೆ. ನಗಲಿಲ್ಲ. ಕೊಡೆಯನ್ನು ಕಂಕುಳಿಗೆ ಸೇರಿಸಿ, ಭಾವನ ಎರಡೂ ಕೈಗಳಿಗೆ ಗಂಭೀರವಾಗಿ ನಮಸ್ಕಾರ ಮಾಡಿದರು. ನಲವತ್ತು ವರ್ಷ ಪಾಠ ಹೇಳಿದ ತಮ್ಮ ಗಂಟಲಿಗೆ ಯಾರೂ ಇಂಥದ್ದೊಂದು ಮಾಡಲಿಲ್ಲ ಎಂದು ಕಣ್ಣು ಒರೆಸಿಕೊಂಡರು. ಆಮೇಲೆ ಸುದ್ದಿ ಹೊತ್ತು ಮೇಲಕ್ಕೆ ಹೋದರು. ವಿಮೆಯ ಮೊತ್ತ ಒಂದೊಂದು ಮಹಡಿಗೂ ಏರಿತು. ನಾವು ಸಂಜೆ ಮನೆಗೆ ಬರುವ ಹೊತ್ತಿಗೆ ತಾರಸಿ ಮುಟ್ಟಿದ್ದ ಆ ಮೊತ್ತಕ್ಕೆ ನಮ್ಮ ಅಂಗಡಿಯನ್ನೇ ಕೊಳ್ಳಬಹುದಾಗಿತ್ತು.

ಅಲ್ಲಿಂದ ಮುಂದೆ ಭಾವ ಏನನ್ನೂ ಮುಟ್ಟುವಂತಿರಲಿಲ್ಲ. ಗೇಟು ಕಾಯುವವನು ತರಕಾರಿ ಚೀಲ ಕಸಿದು ನನ್ನ ಕೈಗೆ ಕೊಡುತ್ತಿದ್ದ. ಲಿಫ್ಟಿನಲ್ಲಿ ಮಕ್ಕಳು ಗುಂಡಿ ಒತ್ತಿಕೊಡುತ್ತಿದ್ದರು. ಲಿಫ್ಟು ಆಗಾಗ ಕೆಡುವುದು, ಕೆಟ್ಟ ದಿನವೇ ಗ್ಯಾಸ್ ಸಿಲಿಂಡರು ಬಂತು. ಭಾವ ಅದನ್ನು ಕಣ್ಣಲ್ಲೇ ಎತ್ತಿ ನನ್ನ ಕಡೆ ತಿರುಗಿದರು. ಸಿಲಿಂಡರು ಹೊತ್ತವನಿಗೆ ಯಾವ ವಿಮೆಯೂ ಇಲ್ಲ ಎಂದು ನಾನು ಪ್ರತಿ ಮಹಡಿಯಲ್ಲೂ ಗೊಣಗಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ.

ಮೇಷ್ಟ್ರು ಮನೆಯ ಒಳಗೂ ಬಂದರು. ಭಾವ ಬಕೆಟ್ಟಿಗೆ ನೀರು ತುಂಬಿಸುತ್ತಿದ್ದುದನ್ನು ಕಂಡು ಹೌಹಾರಿ, ಬಕೆಟ್ಟನ್ನು ಕಿತ್ತು ಅಕ್ಕನ ಮುಂದೆ ಇಟ್ಟರು. ಈ ಕೈಗೆ ನೀರು ಸೋಕಿಸಬಾರದು, ಸೋಪು ಸೋಕಿಸಬಾರದು, ಹೆಚ್ಚುಕಮ್ಮಿಯಾದರೆ ವಿಮೆ ಬಿದ್ದುಹೋಗುತ್ತದೆ, ಅದು ಹೆಂಡತಿಯ ಜವಾಬ್ದಾರಿ ಎಂದು ಪಾಠ ಮಾಡಿದರು. ಅಲ್ಲಿಯವರೆಗೆ ಭಾವ ತಾವು ಉಂಡ ತಟ್ಟೆ ತಾವೇ ತೊಳೆಯುತ್ತಿದ್ದರು, ರಜದ ದಿನ ಬಟ್ಟೆ ಹಿಂಡಿಕೊಡುತ್ತಿದ್ದರು. ಅದೆಲ್ಲ ಅಕ್ಕನ ಪಾಲಿಗೆ ಬಂತು. ಮೊದಲ ದಿನ ಭಾವನಿಗೆ ಸಂಕೋಚವಾಯಿತು. ಎರಡನೆಯ ದಿನ ಸ್ವಲ್ಪ ಆಯಿತು. ಆಮೇಲೆ ಆಗಲಿಲ್ಲ. ಸುಖಕ್ಕೆ ಒಗ್ಗಿಕೊಳ್ಳುವುದರಲ್ಲಿ ನಮ್ಮ ಭಾವ ಯಾರಿಗೂ ಕಡಿಮೆಯವರಲ್ಲ. ಪೇಪರಿನ ಹಾಳೆ ತಿರುವಿಕೊಡು ಎಂದು ಅಡಿಗೆಮನೆಯಲ್ಲಿದ್ದ ಅಕ್ಕನನ್ನು ಅವರು ಕೂಗಿದ ದಿನ ನನಗೆ ಮೈಯೆಲ್ಲ ಉರಿಯಿತು. ತಂಗಿಯಾಗಿದ್ದರೆ ಕರೆದುಕೊಂಡು ಹೋಗಿಬಿಡುತ್ತಿದ್ದೆ. ಅಕ್ಕನಾದ್ದರಿಂದ ಅವಳು ನನಗೇ ಗದರಿ ಸುಮ್ಮನಿರಿಸಿದಳು. ಕೌಂಟರು ಉಳಿಯಲಿ, ಆಮೇಲೆ ನೋಡಿಕೊಳ್ಳೋಣ ಎಂದಳು.

ಕೈ ನೋಡಲು ಜನ ಬರತೊಡಗಿದರು. ಭಾವನ ದೊಡ್ಡಮ್ಮ ಬಸ್ಸು ಹಿಡಿದು ಬಂದು ಬೀಡುಬಿಟ್ಟರು. ಅವರ ಅಳಿಯ ವಕೀಲ. ಕೈಗೆ ಮಾಡಿಸಿದವರು ನಾಲಿಗೆಗೂ ಮಾಡಿಸಲಾರರೇ, ಅಳಿಯನ ನಾಲಿಗೆಗೆ ಒಂದು ವಿಮೆ ಮಾಡಿಸಿಕೊಡು ಎಂದು ಹಟ ಹಿಡಿದರು. ಅದು ಹೇಗೂ ಒಂದು ದಿನ ಅವನನ್ನು ತೊಂದರೆಗೆ ಸಿಕ್ಕಿಸುತ್ತದೆ, ದುಡ್ಡು ಖಂಡಿತ ಬರುತ್ತದೆ ಎಂಬ ಭರವಸೆ ಅವರಿಗಿತ್ತು. ಬಂದವರಿಗೆಲ್ಲ ಕಾಫಿ ಆಗಬೇಕು. ಭಾವ ಸೋಫಾದ ಮೇಲೆ ಬಿಳಿ ಕೈಗವಸು ತೊಟ್ಟು, ಕೈಗಳನ್ನು ದಿಂಬಿನ ಮೇಲಿಟ್ಟು ಕೂತಿರುತ್ತಿದ್ದರು.

"ನಿಮ್ಮ ಕೈ ನೋಡೋಕೆ ಬಂದೋರ ಲೋಟನೆಲ್ಲ ನನ್ನ ಕೈ ತೊಳೀತಿದೆ," ಎಂದಳು ಅಕ್ಕ ಒಂದು ಸಂಜೆ. ಭಾವ ಅದನ್ನು ತಮಾಷೆ ಎಂದುಕೊಂಡು ನಕ್ಕರು.

ಇಷ್ಟೆಲ್ಲ ಆಗುವಾಗ ಕೆಳಮನೆಯ ವಿಮೆ ಅಧಿಕಾರಿ ಸುಮ್ಮನೆ ಇರುವುದುಂಟೇ. ಕಟ್ಟಡದ ಪ್ರತಿಯೊಂದು ಜೀವಕ್ಕೂ, ಸ್ಕೂಟರಿಗೂ ವಿಮೆ ಮಾಡಿಸಿದ್ದ ಮನುಷ್ಯ. ತಾನಿರುವ ಕಟ್ಟಡದಲ್ಲೇ ಇಷ್ಟು ದೊಡ್ಡ ಪಾಲಿಸಿ ಆಗಿದೆ, ತನಗೆ ಸುಳಿವಿಲ್ಲ. ಅವಮಾನದಿಂದ ಅವರಿಗೆ ಅನ್ನ ಸೇರದಂತಾಯಿತು. ಒಂದು ದಿನ ಬ್ಯಾಗು ಹಿಡಿದು ಸೀದಾ ಅಂಗಡಿಗೆ ಬಂದು, ಎಲ್ಲಿ ಮಾಡಿಸಿದಿರಿ, ಯಾವ ಕಂಪನಿ ಎಂದು ಯಜಮಾನರನ್ನೇ ಕೇಳಿಬಿಟ್ಟರು.

ಮುಗಿಯಿತು ಎಂದುಕೊಂಡೆ ನಾನು. ಭಾವ ಕೌಂಟರಿನ ಹಿಂದೆ ಥಾನುಗಳ ಮರೆಗೆ ಸರಿದರು. ಆದರೆ ನಮ್ಮ ಯಜಮಾನರ ತಲೆ ಹಾಗೆ ಓಡುವುದಿಲ್ಲ. ತಾನು ಮಾಡಿಸಿಲ್ಲ ಎಂಬುದು ಅವರಿಗೆ ಗೊತ್ತು. ಹಾಗಾದರೆ ಮಾಡಿಸಿದವರು ಯಾರು? ಅವರು ಮೆಲ್ಲಗೆ ತಿರುಗಿ ರಸ್ತೆಯಾಚೆಯ ಬಟ್ಟೆ ಅಂಗಡಿಯನ್ನು ನೋಡಿದರು. ಅದೇ ಹೊತ್ತಿಗೆ ಆ ಅಂಗಡಿಯ ಯಜಮಾನ ಬಾಗಿಲಲ್ಲಿ ನಿಂತು, ಎರಡೂ ಕೈ ಮೇಲೆತ್ತಿ ಮೈ ಮುರಿದ. ನಮ್ಮವರಿಗೆ ಅಷ್ಟೇ ಸಾಕಾಯಿತು.

ಎದುರಂಗಡಿಯವನು ಗುಟ್ಟಾಗಿ ವಿಮೆ ಮಾಡಿಸಿ ತಮ್ಮ ಸೇಲ್ಸ್‌ಮನ್ನನ್ನು ಎಳೆದುಕೊಳ್ಳುತ್ತಿದ್ದಾನೆ ಎಂದು ಯಜಮಾನರು ಆಣೆ ಇಟ್ಟು ಹೇಳಬಲ್ಲಷ್ಟು ಖಾತ್ರಿ ಮಾಡಿಕೊಂಡರು. ಭಾವನಿಗೆ ಮೆತ್ತೆ ಹಾಕಿದ ಸ್ಟೂಲು ಬಂತು. ಥಾನು ಇಳಿಸುವುದಕ್ಕೆ ಒಬ್ಬ, ಬಿಚ್ಚುವುದಕ್ಕೆ ಒಬ್ಬ, ಮಡಿಸುವುದಕ್ಕೆ ಒಬ್ಬ. ಭಾವ ಕೈಗವಸಿನಲ್ಲೇ ಸವರಿದರೆ ಸಾಕು. ಗಿರಾಕಿಗಳಿಗೆ ಅದು ಇನ್ನೂ ಘನವಾಗಿ ಕಂಡಿತು. ನೆಲಮಾಳಿಗೆಯ ಮಾತನ್ನು ಯಜಮಾನರು ಮತ್ತೆ ಎತ್ತಲಿಲ್ಲ. ಭಾವ ಒಂದು ಸಲ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದರು. ನಾನು ನೋಡದವನಂತೆ ನೋಟು ಎಣಿಸಿದೆ.

ಯಜಮಾನರು ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಎದುರಂಗಡಿಯವನಿಗಿಂತ ದೊಡ್ಡ ವಿಮೆಯನ್ನು ತಾವು ಮಾಡಿಸಬೇಕು, ಆಗ ಕೈ ತಮ್ಮದಾಗುತ್ತದೆ ಎಂದು ಅಧಿಕಾರಿಯನ್ನು ಕರೆಸಿದರು. ಅಧಿಕಾರಿ ಸಂತೋಷದಿಂದ ಒಪ್ಪಿ, ಮೂರು ಮಾತು ಹೇಳಿದರು. ಕೈಗವಸು ತೆಗೆದು ಕೈಗಳನ್ನು ಪರೀಕ್ಷಿಸಬೇಕು. ಕೈ ಕೆಲಸ ಮಾಡುವುದನ್ನು ಕಣ್ಣಾರೆ ನೋಡಬೇಕು. ಮನೆಯವರೊಬ್ಬರು ಸಾಕ್ಷಿಗೆ ಇರಬೇಕು. ಬರುವ ಸೋಮವಾರ ಎಂದು ದಿನ ಗೊತ್ತಾಯಿತು.

ಆ ದಿನ ಮನೆಗೆ ಬಂದವರೇ ಭಾವ ಬಾಗಿಲು ಹಾಕಿ ಕೈಗವಸು ಕಿತ್ತು ನನ್ನ ಮುಂದೆ ಹಿಡಿದರು. ನಾನು ದಂಗಾದೆ. ಸೀಳಿಲ್ಲ, ಸಿಪ್ಪೆಯಿಲ್ಲ, ಗುಳ್ಳೆಯಿಲ್ಲ. ಆಗತಾನೆ ಹುಟ್ಟಿದ ಮಗುವಿನ ಪಾದದ ಹಾಗಿತ್ತು ಕೈ. ಸೋಪಿಲ್ಲ, ಸುಡುನೀರಿಲ್ಲ, ಹೊತ್ತು ಹೊತ್ತಿಗೆ ಕ್ರೀಮು, ಮೇಲೆ ಹತ್ತಿ. ವಾಸಿಯಾಗದೆ ಏನು ಮಾಡೀತು? ಇನ್ನು ಏನೂ ಮಾಡಬೇಡಿ ಭಾವ, ಹೀಗೇ ಬಂದು ನಿಂತರೆ ಸಾಕು, ಎಲ್ಲ ಸರಿಹೋಗುತ್ತದೆ ಎಂದು ನೂರು ಸಲ ಹೇಳಿದೆ. ಹೂಂ ಎಂದರು.

ಸೋಮವಾರ ಅಂಗಡಿ ಗಿಜಿಗುಟ್ಟುತ್ತಿತ್ತು. ಮದುವೆ ಬಟ್ಟೆಗೆ ಬಂದಿದ್ದ ಗಿರಾಕಿಗಳು, ಎಲ್ಲ ಕೌಂಟರಿನ ಸೇಲ್ಸ್‌ಮನ್ನುಗಳು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕರೆಯದೆ ಬಂದಿದ್ದ ಮೇಷ್ಟ್ರು. ಅಕ್ಕ ಮನೆಗೆಲಸ ಮುಗಿಸಿ ಓಡೋಡಿ ಬಂದು, ತನ್ನ ಬ್ಯಾಗನ್ನು ಎದೆಗೆ ಒತ್ತಿಕೊಂಡು ಒಂದು ಕಂಬದ ಪಕ್ಕ ನಿಂತಳು. ಅಧಿಕಾರಿ ಭೂತಕನ್ನಡಿ ತೆಗೆದರು. ಭಾವ ಸ್ಟೂಲಿನಿಂದ ಎದ್ದು, ಎಲ್ಲರ ಕಡೆಗೂ ಒಮ್ಮೆ ನೋಡಿ, ಬಲಗೈಯ ಕೈಗವಸು ಎಳೆದರು. ಪಚಕ್ ಎಂದು ಸದ್ದಾಯಿತು.

ಒಳ್ಳೆಯದನ್ನು ಇನ್ನಷ್ಟು ಒಳ್ಳೆಯದು ಮಾಡೋಣ ಎಂದು ಭಾವ ಬೆಳಗ್ಗೆ ಡಬ್ಬಿಯಲ್ಲಿದ್ದ ಕ್ರೀಮನ್ನೆಲ್ಲ ಕೈಗೆ ಬಳಿದು, ಮೇಲೆ ಕೈಗವಸು ಏರಿಸಿಕೊಂಡು ಬಂದಿದ್ದರು. ಹೂಂ ಎಂದಿದ್ದು ಯಾವುದಕ್ಕೋ. ಕೈ ಬೆಣ್ಣೆಯಲ್ಲಿ ಅದ್ದಿ ತೆಗೆದಂತಿತ್ತು. ಅಧಿಕಾರಿ ಮಾತ್ರ ಅದನ್ನು ಹೊಳಪು ಎಂದುಕೊಂಡರು. ತಮ್ಮ ಸರ್ವೀಸಿನಲ್ಲಿ ಇಂಥ ಕೈ ನೋಡಿಲ್ಲ ಎಂದು ಭೂತಕನ್ನಡಿ ಒರೆಸಿಕೊಂಡರು. ಯಜಮಾನರು ಹಿಗ್ಗಿ, ಅಂಗಡಿಯಲ್ಲೇ ದುಬಾರಿಯಾದ ಕೆಂಪು ರೇಷ್ಮೆಯ ಥಾನನ್ನು ತಾವೇ ಬಿಚ್ಚಿ ಮುಂದೆ ಹರಡಿ, ಸವರಿ ಎಂದರು.

ಭಾವನ ಕೈ ಬಟ್ಟೆಯ ಮೇಲೆ ಗಾಳಿಯಲ್ಲಿ ನಿಂತುಬಿಟ್ಟಿತು. ಮುಟ್ಟಿದರೆ ಅಂಗೈ ಅಗಲದ ಕಲೆ. ಮುಟ್ಟದಿದ್ದರೆ ಸವರಣ್ಣ ಸವರಲಾರ ಎಂದಾಗುತ್ತದೆ. ಅಧಿಕಾರಿಯ ಹುಬ್ಬು ಮೇಲಕ್ಕೆ ಹೋಯಿತು. ಭಾವನ ಕಣ್ಣು ಆಸರೆಗೆ ಸುತ್ತ ಹುಡುಕಿ ಅಕ್ಕನ ಮೇಲೆ ನಿಂತಿತು. ಪರೀಕ್ಷೆ ಎಂದಮೇಲೆ ನನ್ನ ಕೈ ಮೇಲೆ ನಾನೇ ಹರಡಿಕೊಳ್ಳುವುದು ಸರಿಯಲ್ಲ, ಇನ್ನೊಬ್ಬರ ಕೈ ಮೇಲೆ ಹರಡಿ ತೋರಿಸಬೇಕು, ಇಗೋ ಇವಳು ನನ್ನ ಹೆಂಡತಿ ಎಂದು ಏನೇನೋ ಹೇಳಿ, ಗವಸು ಇನ್ನೂ ಇದ್ದ ಎಡಗೈಯಿಂದ ಸವರಿ ಪಾರಾಗುವ ಆಸೆಯಲ್ಲಿ ಅವಳನ್ನು ಮುಂದೆ ಕರೆದರು.

"ಬೇಡ ರೀ," ಎಂದಳು ಅಕ್ಕ. ಅವಳು ಬ್ಯಾಗನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡಳು.

ಒಂದು ನಿಮಿಷ ಕಣೇ, ಕೈ ಚಾಚು ಸಾಕು ಎಂದು ಭಾವ ಹಲ್ಲು ಕಚ್ಚಿಕೊಂಡೇ ಅಂಗಲಾಚಿದರು. ಅವರ ಕೌಂಟರು, ಅವರ ಮಾನ, ಎಲ್ಲ ಆ ಒಂದು ಕೈ ಚಾಚುವುದರಲ್ಲಿತ್ತು. ಅಕ್ಕ ನನ್ನ ಕಡೆ ಒಮ್ಮೆ ನೋಡಿ, ಬ್ಯಾಗು ಕೆಳಗಿಟ್ಟು ಕೈ ಚಾಚಿದಳು. ಯಜಮಾನರು ರೇಷ್ಮೆಯನ್ನು ಅದರ ಮೇಲೆ ಹಾಕಿ, ಸುಕ್ಕು ಬಿಡಿಸಲು ತಮ್ಮ ಕಡೆಗೆ ಎಳೆದರು.

ಚರ್ರ್ ಎಂದಿತು. ಉದ್ದಕ್ಕೂ.

ಯಜಮಾನರು ಬಟ್ಟೆ ಎತ್ತಿ ಹಿಡಿದರು. ಎಳೆ ಇನ್ನೂ ಅಕ್ಕನ ಬೆರಳಿಗೆ ಅಂಟಿಕೊಂಡಿತ್ತು. ಏನಮ್ಮಾ ಇದು, ಇಂಥ ಕೈ ಇಟ್ಟುಕೊಂಡು ರೇಷ್ಮೆ ಅಂಗಡಿಗೆ ಬರುತ್ತಾರಾ ಎಂದು ಅವರು ಚೀರಾಡತೊಡಗಿದರು. ಅಕ್ಕ ಕೈ ಹಿಂದಕ್ಕೆ ಎಳೆದುಕೊಳ್ಳಲು ಹೋದಳು. ಭಾವ ಮಣಿಕಟ್ಟು ಹಿಡಿದು ಆ ಕೈಯನ್ನು ಬೆಳಕಿಗೆ ತಿರುಗಿಸಿದರು. ಗೆಣ್ಣುಗಳೆಲ್ಲ ಒಡೆದಿದ್ದವು. ಹೆಬ್ಬೆರಳ ಸಂದಿಯಲ್ಲಿ ಸೀಳು ಬಿಟ್ಟು ರಕ್ತ ಒಣಗಿತ್ತು. ಎಷ್ಟು ಬಕೆಟ್ಟು, ಎಷ್ಟು ಲೋಟ, ಎಷ್ಟು ತಟ್ಟೆ ಎಂದು ಆ ಕೈ ನೋಡಿದರೆ ಯಾರಿಗೂ ಗೊತ್ತಾಗುತ್ತಿತ್ತು. ಭಾವನಿಗೂ ಗೊತ್ತಾಯಿತು.

"ಯಾರ ಕೈರೀ ಇದು? ಯಾರು ಇದಕ್ಕೆ ಜವಾಬ್ದಾರಿ?" ಎಂದು ಯಜಮಾನರು ಇನ್ನೂ ಕೂಗುತ್ತಲೇ ಇದ್ದರು.

"ನಂದು ಯಜಮಾನ್ರೇ," ಎಂದರು ಭಾವ. "ಇದು ನನ್ನ ಕೈಯೇ. ನನ್ನ ಕೈ ಮಾಡಬೇಕಾದ್ದನ್ನೆಲ್ಲ ಇದು ಮಾಡಿದೆ. ನೀವು ಭೂತಕನ್ನಡಿ ಹಾಕಿ ನೋಡಿದ್ರಲ್ಲ, ಅದು ಬರೀ ತೋರಿಸೋ ಕೈ."

ಆಮೇಲೆ ಒಂದೊಂದಾಗಿ ಎಲ್ಲ ಹೇಳಿಬಿಟ್ಟರು. ಯಾರೂ ವಿಮೆ ಮಾಡಿಸಿಲ್ಲ. ಎದುರಂಗಡಿಯವರಿಗೆ ತನ್ನ ಹೆಸರೂ ಗೊತ್ತಿಲ್ಲ. ಕೈ ಒಣಗಿ ಒಡೆದಿತ್ತು, ನೆಲಮಾಳಿಗೆಗೆ ಹೆದರಿ ಮೇಷ್ಟ್ರ ಹತ್ತಿರ ಸುಳ್ಳು ಹೇಳಿದೆ ಎಂದರು. ಮೇಷ್ಟ್ರು ತಲೆ ಸುತ್ತಿ ಪಕ್ಕದಲ್ಲಿದ್ದ ಬಟ್ಟೆ ಗೊಂಬೆಯ ಹೆಗಲು ಹಿಡಿದುಕೊಂಡರು. ಅಧಿಕಾರಿಯ ಮುಖ ಮಾತ್ರ ಅರಳಿತು. ತನಗೆ ತಿಳಿಯದೆ ಕಟ್ಟಡದಲ್ಲಿ ಪಾಲಿಸಿ ಆಗಲಾರದು ಎಂದು ತನಗೆ ಮೊದಲೇ ಅನ್ನಿಸಿತ್ತು ಎಂದು ಅವರು ಪಕ್ಕದವರಿಗೆಲ್ಲ ಹೇಳತೊಡಗಿದರು. ಭಾವ ಅವರನ್ನು ತಡೆದು, ಬಂದದ್ದು ಬಂದಿದ್ದೀರಿ, ಈ ಕೈಗೆ ಒಂದು ಮಾಡಿಕೊಡಿ ಸಾರ್ ಎಂದು ಅಕ್ಕನ ಕೈ ಮುಂದೆ ಹಿಡಿದರು. ಅವರು ತಮಾಷೆಗೆ ಕೇಳುತ್ತಿರಲಿಲ್ಲ. ಅಧಿಕಾರಿ ಭೂತಕನ್ನಡಿಯಲ್ಲಿ ಅದನ್ನೂ ನೋಡಿ, ಸ್ವಲ್ಪ ಯೋಚಿಸಿದರು.

"ಮನೆಗೆಲಸದ ಕೈಗೆ ನಮ್ಮಲ್ಲಿ ಪಾಲಿಸಿ ಇಲ್ಲ," ಎಂದರು.

"ಪಾಲಿಸಿ ಯಾರಿಗ್ರೀ ಬೇಕು," ಎಂದಳು ಅಕ್ಕ. ಅಷ್ಟು ಜನರ ಮುಂದೆ ಅವಳು ಬಾಯಿ ಬಿಟ್ಟದ್ದು ಆಗಲೇ. "ಆ ಕ್ರೀಮಿನ ಡಬ್ಬಿ ಎಲ್ಲಿ? ಕೊಡಿ ಇತ್ಲಾಗೆ."

ಭಾವ ಜೇಬಿನಿಂದ ಡಬ್ಬಿ ತೆಗೆದರು. ಅಕ್ಕ ಮುಚ್ಚಳ ತಿರುಗಿಸಿ ಒಳಗೆ ನೋಡಿದಳು. ತಳದಲ್ಲಿ ಬೆರಳಿನಿಂದ ಬಳಿದ ಗೆರೆ ಬಿಟ್ಟರೆ ಏನೂ ಇರಲಿಲ್ಲ. ಅವಳು ಡಬ್ಬಿಯನ್ನೂ ಗಂಡನನ್ನೂ ನೋಡಿದ ನೋಟಕ್ಕೆ ನನಗೇ ಭಯವಾಯಿತು. ಭಾವ ಪೆಚ್ಚಾಗಿ ನಿಂತರು. ಆಮೇಲೆ ತಮ್ಮದೇ ಕೈಗಳತ್ತ ನೋಡಿಕೊಂಡರು. ಡಬ್ಬಿಯಲ್ಲಿದ್ದದ್ದೆಲ್ಲ ಅಲ್ಲಿತ್ತು.

ಅವರು ಎಡಗೈಯ ಕೈಗವಸನ್ನೂ ಕಿತ್ತು ಬಿಸಾಕಿ, ಅಕ್ಕನನ್ನು ತಮ್ಮ ಮೆತ್ತೆಯ ಸ್ಟೂಲಿನ ಮೇಲೆ ಕೂರಿಸಿ, ಎದುರಿಗೆ ನೆಲದ ಮೇಲೆ ಮಂಡಿಯೂರಿದರು. ಅವಳ ಕೈಯನ್ನು ತಮ್ಮ ಎರಡು ಕೈಗಳ ನಡುವೆ ತೆಗೆದುಕೊಂಡು ಹಚ್ಚತೊಡಗಿದರು. ಅಲ್ಲಲ್ಲ, ಬೆರಳ ಸಂದಿಗೆ, ಅಲ್ಲಿ ಉರಿಯುತ್ತದೆ ಎಂದು ಅಕ್ಕ ಹೇಳುತ್ತಿದ್ದಳು. ಗಿರಾಕಿಯೊಬ್ಬರು ನನ್ನ ಗಲ್ಲಾ ಹತ್ತಿರ ಬಂದು, ಆ ಕ್ರೀಮು ಇಲ್ಲೇ ಸಿಗುತ್ತದಾ ಎಂದು ಪಿಸುಗುಟ್ಟಿದರು.

ಯಜಮಾನರು ಹಾಳಾದ ರೇಷ್ಮೆಯನ್ನು ಸುತ್ತಿ ಕಂಕುಳಲ್ಲಿಟ್ಟುಕೊಂಡು ಅವರ ಪಕ್ಕ ಬಂದು ನಿಂತು, "ನಾಳೆಯಿಂದ ನೆಲಮಾಳಿಗೆ," ಎಂದರು.

"ಆಗ್ಲಿ ಯಜಮಾನ್ರೇ," ಎಂದರು ಭಾವ, ತಲೆ ಎತ್ತದೆ.

ಅಕ್ಕ ಇನ್ನೊಂದು ಕೈಯನ್ನೂ ಮುಂದೆ ಚಾಚಿದಳು.